ಆಯಿಲ್ ದೀಪ ಹೊತ್ತಿಕೊಂಡಾಗ: ಓಮ್ನಿ, ಈಕೋ ಗಾಡಿಗಳ ಪ್ರೆಶರ್ ಸ್ವಿಚ್ಚನ್ನು ಮನೆಯಲ್ಲೇ ಪರೀಕ್ಷಿಸಿ ಬದಲಾಯಿಸುವ ಬಗೆ

ಮುಂಬಯಿ, ಪುಣೆ, ಗೋವೆಗಳಲ್ಲಿ ನೆಲೆಸಿದ ನಮ್ಮವರ ಮನೆ ಮುಂದೆಯೂ ಹೋಟೆಲುಗಳ ಹಿಂಬಾಗಿಲಲ್ಲೂ ಕಾಣಸಿಗುವ ಗಾಡಿಗಳೆಂದರೆ ಮಾರುತಿ ಓಮ್ನಿ ಮತ್ತು ಈಕೋ. ಬೆಳಗಿನ ಜಾವ ವಾಶಿ ಮಾರುಕಟ್ಟೆಯಿಂದ ತರಕಾರಿ ಹೊತ್ತು ಮಾಟುಂಗಕ್ಕೆ ಬರುವುದೂ ಅದೇ, ಮೇ ತಿಂಗಳಲ್ಲಿ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಊರಿನ ದಾರಿ ಹಿಡಿಯುವುದೂ ಅದೇ. ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. 2010ರಲ್ಲಿ ಬಂದ ಈಕೋ ಆ ಜಾಗವನ್ನು ತುಂಬಿತು. ಎರಡರಲ್ಲೂ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಈ ಬರಹ ಮುಖ್ಯವಾಗಿ ಅವೆರಡನ್ನು ಕುರಿತದ್ದಾದರೂ, ಒಂದೇ ತಂತಿಯ ಆಯಿಲ್ ಪ್ರೆಶರ್ ಸ್ವಿಚ್ ಇರುವ ಯಾವ ಗಾಡಿಗೂ ಇದರ ಕ್ರಮ ಅನ್ವಯಿಸುತ್ತದೆ.

ಕೊಕ್ಕಿನ ತುದಿಯಿಂದ ಹನಿ ತೊಟ್ಟಿಕ್ಕುವ ಎಣ್ಣೆಗಿಂಡಿಯ ಕೆಂಪು ಚಿತ್ರ ಡ್ಯಾಶ್‌ಬೋರ್ಡಿನಲ್ಲಿ ಬೆಳಗಿದಾಗ, "ಅಯ್ಯೋ, ಸೆನ್ಸರ್ ಹೋಗಿರಬೇಕು ಬಿಡಿ" ಎನ್ನುವವರೇ ಹೆಚ್ಚು. ಅವರು ಸೆನ್ಸರ್ ಎನ್ನುವ ಈ ಪ್ರೆಶರ್ ಸ್ವಿಚ್ ಹೋಗಿದ್ದರೆ ಖರ್ಚು ಕೆಲವು ನೂರು ರೂಪಾಯಿ, ಎಂಜಿನ್ ಹೋಗಿದ್ದರೆ ಹತ್ತಾರು ಸಾವಿರ. ಆದ್ದರಿಂದ ಮನಸ್ಸು ಅಗ್ಗದ ಉತ್ತರವನ್ನೇ ನಂಬಲು ಬಯಸುತ್ತದೆ. ನಾನೂ ಒಮ್ಮೆ ಹಾಗೆಯೇ ನಂಬಿ, ಒಂದೇ ತಿಂಗಳಲ್ಲಿ ಎರಡು ಸ್ವಿಚ್ ಬದಲಾಯಿಸಿದ್ದೆ. ದೋಷವಿದ್ದದ್ದು ರಸ್ತೆಬದಿಯ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಆಯಿಲ್ ಫಿಲ್ಟರಿನಲ್ಲಿ.

ಈ ಸ್ವಿಚ್ ಮಾಡುವ ಕೆಲಸವೇನು

ಇದು ಎಣ್ಣೆಯ ಮಟ್ಟವನ್ನು ಅಳೆಯುವುದಿಲ್ಲ, ಒತ್ತಡವನ್ನಷ್ಟೇ ಗಮನಿಸುತ್ತದೆ. ಎಂಜಿನ್ ನಿಂತಿರುವಾಗ ಒಳಗಿನ ಸಂಪರ್ಕ ಕೂಡಿಕೊಂಡಿರುವುದರಿಂದ, ಕೀಲಿ ತಿರುಗಿಸಿದೊಡನೆ ದೀಪದ ತಂತಿಗೆ ಗಾಡಿಯ ಮೈಯಿಂದ ಅರ್ಥ್ ದೊರೆತು ದೀಪ ಹೊತ್ತುತ್ತದೆ. ಎಂಜಿನ್ ತಿರುಗಿ ಪಂಪು ಎಣ್ಣೆಯನ್ನು ತಳ್ಳತೊಡಗಿದಾಗ, ಒತ್ತಡವು (ಚದರ ಸೆಂಟಿಮೀಟರಿಗೆ) ಸುಮಾರು ಅರ್ಧ ಕೆಜಿಯ ಆಸುಪಾಸಿಗೆ ಏರುವಷ್ಟರಲ್ಲಿ ಒಳಗಿನ ತೆಳು ಪೊರೆ ಸರಿದು ಸಂಪರ್ಕ ಬಿಡುತ್ತದೆ, ದೀಪ ಆರುತ್ತದೆ. ಓಡುತ್ತಿರುವ ಎಂಜಿನ್ನಿಗೆ ಬೇಕಾದ ಒತ್ತಡ ಇದರ ಹಲವು ಪಟ್ಟು. ಎಂದರೆ, ದೀಪ ಆರಿದೆ ಎಂದಮಾತ್ರಕ್ಕೆ ಒತ್ತಡ ಸಾಕಷ್ಟಿದೆ ಎಂದಲ್ಲ. ಆದರೆ ದೀಪ ನಿಜವಾದ ಕಾರಣಕ್ಕೆ ಹೊತ್ತಿದ್ದರೆ ಬೇರಿಂಗುಗಳಿಗೆ ಎಣ್ಣೆ ಹೆಚ್ಚುಕಡಿಮೆ ತಲುಪುತ್ತಲೇ ಇಲ್ಲ ಎಂದರ್ಥ.

ಕೆಲವು ಹೊಸ ಗಾಡಿಗಳಲ್ಲಿ ಸ್ವಿಚ್ಚಿನ ಬದಲು ಮೂರು ತಂತಿಯ ಸೆನ್ಸರ್ ಇದ್ದು, ಅದು 5 ವೋಲ್ಟಿನ ಆಧಾರದ ಮೇಲೆ ಎಂಜಿನ್ನಿನ ಕಂಪ್ಯೂಟರಿಗೆ ಒತ್ತಡದ ಅಳತೆಯನ್ನು ಕಳುಹಿಸುತ್ತದೆ. ಮುಂದೆ ಹೇಳುವ, ತಂತಿಯನ್ನು ಮೈಗೆ ತಾಗಿಸುವ ಪರೀಕ್ಷೆಯನ್ನು ಅಂಥ ಸೆನ್ಸರಿನ ಮೇಲೆ ಮಾಡಕೂಡದು. ಸ್ವಿಚ್ಚಿಗೆ ಸಿಕ್ಕಿಸಿದ ಪ್ಲಗ್ಗಿನಲ್ಲಿ ಒಂದೇ ತಂತಿ ಇದೆಯೆಂದು ಕಣ್ಣಾರೆ ಕಂಡ ಮೇಲೆಯೇ ಮುಂದುವರಿಯಿರಿ.

ಕೈ ಹಾಕುವ ಮೊದಲು

ಗಾಡಿ ಸಮತಟ್ಟಾದ ನೆಲದ ಮೇಲಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ಕೆಳಗೆ ನುಸುಳಬೇಕಾದರೆ ಗಾಡಿಯನ್ನು ಜ್ಯಾಕ್‌ಸ್ಟ್ಯಾಂಡಿನ ಮೇಲೆ ಕೂರಿಸಬೇಕೇ ಹೊರತು ಬರಿಯ ಜ್ಯಾಕನ್ನು ನಂಬಿ ಒಳಹೋಗಬಾರದು. ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಎಂಜಿನ್ ಸೀಟಿನ ಕೆಳಗಿರುವುದರಿಂದ ಶಾಖ ಅಲ್ಲೇ ತುಂಬಿಕೊಂಡಿರುತ್ತದೆ. ಓಡಿಸಿ ಬಂದ ಗಾಡಿಯನ್ನು ಕನಿಷ್ಠ ಎರಡು ಗಂಟೆ ಆರಲು ಬಿಡಿ. ಎತ್ತಿದ ಸೀಟನ್ನು ಕೊಕ್ಕೆಗೋ ಹಗ್ಗಕ್ಕೋ ಭದ್ರವಾಗಿ ಸಿಕ್ಕಿಸಿ. ಬಗ್ಗಿದ ತಲೆಯ ಮೇಲೆ ಅದು ಬೀಳುವುದು ಅಪರೂಪದ ಸಂಗತಿಯೇನಲ್ಲ.

ನಮ್ಮ ಸೊಸೈಟಿಗಳ ಸ್ಟಿಲ್ಟ್ ಪಾರ್ಕಿಂಗ್‌ನಲ್ಲಿ, ಅದರಲ್ಲೂ ನೆಲಮಾಳಿಗೆಯಲ್ಲಿ, ಎಂಜಿನ್ ಓಡಿಸಿಕೊಂಡು ಪರೀಕ್ಷೆ ಮಾಡಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಎಂಜಿನ್ ಓಡಿಸಬೇಕಾದ ಹಂತಗಳಿಗೆ ಗಾಡಿಯನ್ನು ತೆರೆದ ಜಾಗಕ್ಕೆ ತನ್ನಿ. ಸೆರಗು, ದುಪಟ್ಟಾ, ತೋಳಿನ ತುದಿಗಳನ್ನು ಬೆಲ್ಟಿನಿಂದ ದೂರವಿಡಿ. ಸಿಎನ್‌ಜಿ ಗಾಡಿಯಾಗಿದ್ದರೆ, ಸಿಲಿಂಡರಿನಿಂದ ಬರುವ ಕೊಳವೆಯಲ್ಲಿ 200 ಕೆಜಿಯ ಆಸುಪಾಸಿನ ಒತ್ತಡವಿರುತ್ತದೆ ಎಂಬುದನ್ನು ನೆನಪಿಟ್ಟು, ಆ ಕೊಳವೆಗಳ ನಟ್ಟು ಬೋಲ್ಟುಗಳನ್ನು ಮುಟ್ಟಬೇಡಿ. ಅನಿಲದ ವಾಸನೆ ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಸಿಲಿಂಡರಿನ ವಾಲ್ವ್ ಮುಚ್ಚಬೇಕು.

ಲಕ್ಷಣ: ಓಡುತ್ತಿರುವಾಗ ದೀಪ ಹೊತ್ತಿತು, ಎಂಜಿನ್ನಿನಿಂದ ಕಟಕಟ ಸದ್ದೂ ಕೇಳಿಸುತ್ತಿದೆ

ಇಲ್ಲಿ ಪರೀಕ್ಷೆಯ ಮಾತೇ ಇಲ್ಲ. ಗಾಡಿಯನ್ನು ಎಡಬದಿಗೆ ತಂದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ತಕ್ಷಣ ಎಂಜಿನ್ ಆರಿಸಬೇಕು. ಎಕ್ಸ್‌ಪ್ರೆಸ್‌ವೇ ಆಗಿದ್ದರೆ ಎಚ್ಚರಿಕೆಯ ದೀಪಗಳನ್ನು ಹಾಕಿ, ಜನರನ್ನೆಲ್ಲ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಬೇಕು. "ಮುಂದಿನ ಪೆಟ್ರೋಲ್ ಪಂಪ್ ನಾಲ್ಕೇ ಕಿಲೋಮೀಟರ್" ಎಂಬ ಲೆಕ್ಕಾಚಾರದಲ್ಲಿ ಬೇರಿಂಗು ಸುಟ್ಟು ಕ್ರ್ಯಾಂಕ್ ಹಿಡಿದುಕೊಂಡ ಎಂಜಿನ್ನುಗಳು ಬೇಕಾದಷ್ಟಿವೆ. ಸುಮಾರು ಹತ್ತು ನಿಮಿಷದ ನಂತರ ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ತೋರಿಸುವ ಕಡ್ಡಿ) ನೋಡಿ. ಎಣ್ಣೆ ಕಡ್ಡಿಗೆ ತಾಗದಿದ್ದರೆ, ಅದೇ ದರ್ಜೆಯ ಎಣ್ಣೆ ತುಂಬಿಸಿ ಸ್ಟಾರ್ಟ್ ಮಾಡಿದಾಗ ದೀಪವೂ ಆರಿ ಸದ್ದೂ ನಿಂತರೆ, ಸೋರಿಕೆ ಎಲ್ಲಿಯದೆಂದು ನೋಡಿಕೊಂಡು ನಿಧಾನವಾಗಿ ಮುಂದುವರಿಯಬಹುದು. ಎಣ್ಣೆ ಸರಿಯಾಗಿಯೇ ಇದ್ದು ಸದ್ದು ಉಳಿದಿದ್ದರೆ ಟೋಯಿಂಗ್ ಗಾಡಿಯನ್ನೇ ಕರೆಯಬೇಕು. ಇದು ಮನೆಯಲ್ಲಿ ಬಗೆಹರಿಯುವ ದೋಷವಲ್ಲ.

ಲಕ್ಷಣ: ಘಾಟಿನ ತಿರುವಿನಲ್ಲೋ ಬ್ರೇಕ್ ಒತ್ತಿದಾಗಲೋ ದೀಪ ಮಿನುಗಿ ಆರುತ್ತದೆ

ಖಂಡಾಳದ ಘಾಟಿನಲ್ಲೋ, ಊರಿಗೆ ಹೋಗುವಾಗ ಕಶೇಡಿ ಘಾಟಿನ ಹಳೆಯ ದಾರಿಯಲ್ಲೋ, ತಿರುವು ತೆಗೆದುಕೊಂಡಾಗ ದೀಪ ಕಣ್ಣು ಮಿಟುಕಿಸಿ ಸುಮ್ಮನಾಗುತ್ತದೆ. ಬಯಲಿಗೆ ಇಳಿದ ಮೇಲೆ ಅದರ ಸುಳಿವೇ ಇರುವುದಿಲ್ಲ. ಇದು ಬಹುತೇಕ ಎಣ್ಣೆ ಕಡಿಮೆಯಾದುದರ ಲಕ್ಷಣ. ತಿರುವಿನಲ್ಲಿ ಸಂಪಿನ (ಎಂಜಿನ್ನಿನ ತಳದ ಎಣ್ಣೆತೊಟ್ಟಿಯ) ಎಣ್ಣೆ ಒಂದು ಮಗ್ಗುಲಿಗೆ ಸರಿದಾಗ, ಹೀರುವ ಜಾಲರಿಯ ಬಾಯಿ ಕ್ಷಣಕಾಲ ಗಾಳಿಗೆ ತೆರೆದುಕೊಂಡು ಪಂಪು ಎಣ್ಣೆಯ ಬದಲು ಗಾಳಿಯನ್ನು ಎಳೆಯುತ್ತದೆ.

ಡಿಪ್‌ಸ್ಟಿಕ್ ಪರೀಕ್ಷೆಗೆ ಖರ್ಚು ಸೊನ್ನೆಯಾದ್ದರಿಂದ ಯಾವ ಲಕ್ಷಣ ಕಂಡರೂ ಮೊದಲು ಮಾಡಬೇಕಾದದ್ದು ಇದೇ. ಕಡ್ಡಿ ತೆಗೆದು ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ತೆಗೆದು ನೋಡಬೇಕು. ಮೊದಲ ಸಲದ ಗುರುತು ನಂಬಲರ್ಹವಲ್ಲ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಸಾಮಾನ್ಯವಾಗಿ ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಮುಕ್ಕಾಲರಿಂದ ಒಂದು ಲೀಟರ್ ಹಿಡಿಯುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಸುರಿದು ನೋಡುತ್ತಿರಿ, ಮೇಲಿನ ಗುರುತು ದಾಟಿಸಬೇಡಿ. ಕಡ್ಡಿಯ ಎಣ್ಣೆಯನ್ನು ಮೂಸಿಯೂ ನೋಡಬೇಕು. ಪೆಟ್ರೋಲಿನ ವಾಸನೆ ಹೊಡೆದರೆ ಎಣ್ಣೆ ತೆಳುವಾಗಿದೆ. ಚಹಾಕ್ಕೆ ಹಾಲು ಬೆರೆಸಿದಂತಹ ಬಣ್ಣವಿದ್ದರೆ ಒಳಗೆ ನೀರು ಸೇರಿದೆ: ಗ್ಯಾಸ್ಕೆಟ್ ಹೋಗಿ ಕೂಲಂಟ್ ಬೆರೆತಿರಬಹುದು, ಅಥವಾ ಜುಲೈ ತಿಂಗಳ ಮಳೆಯಲ್ಲಿ ಹಿಂದ್‌ಮಾತಾದಂತಹ ತಗ್ಗಿನ ನೀರಲ್ಲಿ ಗಾಡಿ ನಿಂತಿದ್ದರೆ ಹೊರಗಿನ ನೀರೇ ಒಳಹೊಕ್ಕಿರಬಹುದು. ಆ ಸ್ಥಿತಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಬೇಕು.

ಲಕ್ಷಣ: ಗಂಟೆಗಟ್ಟಲೆ ಟ್ರಾಫಿಕ್ಕಿನಲ್ಲಿ ನಿಂತ ಮೇಲೆ, ಐಡಲಿನಲ್ಲಿ (ಆಕ್ಸಲರೇಟರ್ ಒತ್ತದೆ ಎಂಜಿನ್ ತಿರುಗುವಾಗ) ಮಾತ್ರ ದೀಪ ಮಿಣುಕುತ್ತದೆ

ಘೋಡ್‌ಬಂದರ್ ರಸ್ತೆಯಲ್ಲಿ ಸಂಜೆ ಸಿಕ್ಕಿಬಿದ್ದವರಿಗೆ ಇದರ ಪರಿಚಯವಿರುತ್ತದೆ. ಆಕ್ಸಲರೇಟರ್ ತುಸು ಒತ್ತಿದರೆ ದೀಪ ಆರುತ್ತದೆ, ಬಿಟ್ಟರೆ ಮತ್ತೆ ಮಿಣುಕುತ್ತದೆ. ಎಣ್ಣೆ ಕಾದಷ್ಟೂ ತೆಳುವಾಗುತ್ತದೆ, ಐಡಲಿನಲ್ಲಿ ಪಂಪು ನಿಧಾನವಾಗಿ ತಿರುಗುತ್ತದೆ. ಇವೆರಡೂ ಕೂಡಿದಾಗ ಒತ್ತಡ ಸ್ವಿಚ್ಚಿನ ಗಡಿಗಿಂತ ಕೆಳಗಿಳಿಯುತ್ತದೆ. ಕಾರಣಗಳನ್ನು ಅಗ್ಗದಿಂದ ದುಬಾರಿಯತ್ತ ಹುಡುಕುತ್ತ ಹೋಗಿ. ಎಣ್ಣೆ ಬದಲಾಯಿಸುವ ಅವಧಿ ಮೀರಿದೆಯೇ, ಕೈಪಿಡಿ ಹೇಳಿದ ದರ್ಜೆಗಿಂತ ತೆಳುವಾದ ಎಣ್ಣೆ ಬಿದ್ದಿದೆಯೇ, ಐಡಲ್ ತೀರ ತಗ್ಗಿದೆಯೇ ಎಂಬುದನ್ನು ನೋಡಿದ ಮೇಲೆಯೇ ಸ್ವಿಚ್ಚಿನ ಮೇಲೆ ಅನುಮಾನ ಪಡಬೇಕು. ಲಕ್ಷಾಂತರ ಕಿಲೋಮೀಟರ್ ಓಡಿದ ಗಾಡಿಯಲ್ಲಿ ಬೇರಿಂಗು ಸವೆದು ಎಣ್ಣೆ ಅಲ್ಲಲ್ಲೇ ಸೋರಿಹೋಗುವುದೂ ಇದೇ ಲಕ್ಷಣವನ್ನು ತೋರುತ್ತದೆ. ದಪ್ಪ ಎಣ್ಣೆ ಸುರಿದು ದೀಪ ಆರಿಸುವ ಉಪಾಯವನ್ನು ಗ್ಯಾರೇಜುಗಳಲ್ಲಿ ಹೇಳುವುದುಂಟು. ಹಳೆಯ ಗಾಡಿಯನ್ನು ಇನ್ನಾರು ತಿಂಗಳು ದೂಡಲು ಅದು ನೆರವಾದೀತು, ಆದರೆ ಅದನ್ನು ದುರಸ್ತಿ ಎನ್ನಲಾಗದು, ಗಾಡಿ ಮಾರುವ ಮುನ್ನ ಹಾಗೆ ಮಾಡುವುದಂತೂ ಮೋಸ.

ಲಕ್ಷಣ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ದೀಪ ಆರಲು ತಡವಾಗುತ್ತದೆ

ಒಂದೆರಡು ಸೆಕೆಂಡು ಸಹಜ. ನಾಲ್ಕೈದು ಸೆಕೆಂಡು ಹೊತ್ತಿದ್ದು, ಜೊತೆಗೆ ಎಂಜಿನ್ನಿನ ಮೇಲ್ಭಾಗದಿಂದ ಟ್ಯಾಪೆಟ್ಟಿನ ಟಿಕಟಿಕ ಸದ್ದೂ ಕೇಳಿದರೆ ಫಿಲ್ಟರನ್ನು ಸಂಶಯಿಸಬೇಕು. ಒಳ್ಳೆಯ ಫಿಲ್ಟರಿನೊಳಗೆ, ಎಂಜಿನ್ ನಿಂತ ಮೇಲೆ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರಿನ ಕವಾಟವಿರುತ್ತದೆ. ನಕಲಿಯಲ್ಲಿ ಅದು ಗಡಸಾಗಿರುತ್ತದೆ ಅಥವಾ ಇರುವುದೇ ಇಲ್ಲ. ರಾತ್ರಿಯಿಡೀ ಫಿಲ್ಟರ್ ಬರಿದಾಗಿ, ಬೆಳಿಗ್ಗೆ ಪಂಪು ಮೊದಲು ಅದನ್ನು ತುಂಬಿಸಬೇಕಾಗುತ್ತದೆ. ನಾನು ಎರಡು ಸ್ವಿಚ್ ಕೊಂಡದ್ದು ಈ ಲಕ್ಷಣಕ್ಕೇ.

ಲಕ್ಷಣ: ದೀಪ ಆರುವುದೇ ಇಲ್ಲ, ಆದರೆ ಎಣ್ಣೆಯೂ ಸರಿಯಾಗಿದೆ, ಎಂಜಿನ್ ಸದ್ದೂ ಎಂದಿನಂತಿದೆ

ಸ್ವಿಚ್ ಅಥವಾ ತಂತಿಯ ದೋಷವಿರುವ ಸಂಭವ ಇಲ್ಲಿ ಹೆಚ್ಚು. ಮೊದಲು ಸೀಟು ಎತ್ತಿ, ಎಂಜಿನ್ ಬ್ಲಾಕಿಗೆ ತಿರುಚಿ ಕೂರಿಸಿದ, ಒಂಟಿ ತಂತಿಯ ಪ್ಲಗ್ ಇರುವ, ಹೆಬ್ಬೆರಳ ಗಾತ್ರದ ಆ ಸ್ವಿಚ್ಚನ್ನು ಗುರುತಿಸಿ. ಅನೇಕ ಎಂಜಿನ್ನುಗಳಲ್ಲಿ ಅದು ಆಯಿಲ್ ಫಿಲ್ಟರಿನ ಆಸುಪಾಸಿನಲ್ಲಿರುತ್ತದೆ. ಕೂಲಂಟ್ ಶಾಖದ ಸೆನ್ಸರನ್ನು ಇದೆಂದು ಭ್ರಮಿಸಿ ಬಿಚ್ಚಿದರೆ ನೀರು ಚಿಮ್ಮುತ್ತದೆ. ಅದು ಇರುವುದು ಕೂಲಂಟ್ ಹರಿಯುವ ದಾರಿಯಲ್ಲಿ.

ಎಂಜಿನ್ ಆರಿಸಿ, ಪ್ಲಗ್ ಎಳೆದು, ಅದರ ತುದಿ ಯಾವುದಕ್ಕೂ ತಾಗದಂತೆ ಹಿಡಿದು, ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ. ತಂತಿ ಬಿಚ್ಚಿದ್ದರೂ ದೀಪ ಉರಿಯುತ್ತಿದ್ದರೆ ಸ್ವಿಚ್ ನಿರಪರಾಧಿ. ತಂತಿಯೇ ದಾರಿಯಲ್ಲೆಲ್ಲೋ ಮೈಗೆ ತಾಗಿದೆ. ಮುಂಬಯಿಯ ಇಲಿಗಳಿಗೆ ತಂತಿಯ ಹೊದಿಕೆಯ ಮೇಲಿರುವ ಪ್ರೀತಿ ಎಲ್ಲರಿಗೂ ಗೊತ್ತಿರುವಂಥದ್ದೇ, ಆದ್ದರಿಂದ ತಂತಿಯನ್ನು ಬೆರಳಿನಿಂದ ಸವರುತ್ತ ಉದ್ದಕ್ಕೂ ಪರೀಕ್ಷಿಸಿ. ಬಿಚ್ಚಿದಾಗ ದೀಪ ಆರಿದರೆ, ಸಂಪರ್ಕ ಬಿಡದ ಸ್ವಿಚ್ ಅಥವಾ ನಿಜವಾಗಿಯೇ ಇಲ್ಲದ ಒತ್ತಡ, ಇವೆರಡರಲ್ಲೊಂದು ಕಾರಣ. ಇವುಗಳನ್ನು ಬೇರ್ಪಡಿಸಿ ಹೇಳುವುದು ಒತ್ತಡ ಅಳೆಯುವ ಗೇಜ್ ಒಂದೇ; ಅದರ ಕ್ರಮ ಮುಂದಿದೆ.

ಲಕ್ಷಣ: ಕೀಲಿ ತಿರುಗಿಸಿದಾಗಲೂ ದೀಪ ಹೊತ್ತುವುದಿಲ್ಲ

ಉಳಿದೆಲ್ಲ ಲಕ್ಷಣಗಳು ಗಾಬರಿ ಹುಟ್ಟಿಸುತ್ತವೆ. ಇದೊಂದು ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ಉಳಿದುಬಿಡುತ್ತದೆ, ಅದಕ್ಕೇ ಹೆಚ್ಚು ಅಪಾಯಕಾರಿ. ಕಾವಲುಗಾರ ನಿದ್ದೆಹೋದ ಮನೆಯಂತೆ, ಒತ್ತಡ ಪೂರ್ತಿ ಬಿದ್ದರೂ ನಿಮಗೆ ಸೂಚನೆ ಸಿಗುವುದಿಲ್ಲ. ಪ್ಲಗ್ ಬಿಚ್ಚಿ, ಕೀಲಿ ಆನ್ ಇರುವಾಗ, ಒಂದು ತುಂಡು ತಂತಿಯ ಮೂಲಕ ಪ್ಲಗ್ಗಿನ ಲೋಹವನ್ನು ಎಂಜಿನ್ನಿನ ಮೈಗೆ ತಾಗಿಸಿ. ದೀಪ ಹೊತ್ತಿದರೆ ಬಲ್ಬು, ಫ್ಯೂಸು, ತಂತಿ ಮೂರೂ ಸರಿ. ದೋಷವಿರುವುದು ಸ್ವಿಚ್ಚಿನಲ್ಲಿ ಅಥವಾ ಕಿಲುಬು ಹಿಡಿದ ಅದರ ಕಡ್ಡಿಯಲ್ಲಿ (ಪ್ಲಗ್ ಸಿಕ್ಕಿಸುವ ಟರ್ಮಿನಲ್ಲಿನಲ್ಲಿ). ಸಮುದ್ರದ ಉಪ್ಪುಗಾಳಿಗೆ ಒಡ್ಡಿಕೊಂಡ ವಾಸ್ಕೋ, ವರ್ಸೋವದಂತಹ ಕಡೆಗಳಲ್ಲಿ ಹಸಿರು ಕಿಲುಬು ಕಟ್ಟುವುದು ಸಾಮಾನ್ಯವಾದ್ದರಿಂದ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಣ್ಣ ಉಪ್ಪುಕಾಗದದಿಂದ ಉಜ್ಜಿ ಇನ್ನೊಮ್ಮೆ ನೋಡಿ. ಮೈಗೆ ತಾಗಿಸಿದರೂ ದೀಪ ಹೊತ್ತದಿದ್ದರೆ ಫ್ಯೂಸು, ಅನಂತರ ಬಲ್ಬು, ಕೊನೆಗೆ ತಂತಿ.

ಮಲ್ಟಿಮೀಟರ್ ಇದ್ದವರು ಸ್ವಿಚ್ಚಿನ ಕಡ್ಡಿಗೂ ಎಂಜಿನ್ ಮೈಗೂ ನಡುವಿನ ರೋಧವನ್ನು ಅಳೆಯಬಹುದು: ಎಂಜಿನ್ ನಿಂತಿರುವಾಗ ಸೊನ್ನೆಯ ಸಮೀಪ ಇರಬೇಕು, ಓಡುವಾಗ ಸಂಪರ್ಕ ಪೂರ್ತಿ ಕಡಿದಿರಬೇಕು.

ಲಕ್ಷಣ: ಸ್ವಿಚ್ಚಿನ ಸುತ್ತ ಎಣ್ಣೆಯ ಜಿಡ್ಡು, ನೆಲದ ಮೇಲೆ ಹನಿ

ಜಾಗವನ್ನು ಒರೆಸಿ ಒಣಗಿಸಿ, ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ನೋಡಿ. ಪ್ಲಗ್ಗಿನ ಒಳಗೇ ಎಣ್ಣೆ ಕಂಡರೆ ಪೊರೆ ಹರಿದಿದೆ, ಸ್ವಿಚ್ ಬದಲಾಯಿಸದೆ ಗತ್ಯಂತರವಿಲ್ಲ. ಬುಡದ ಮರೆಯಿಂದ (ತಿರುಪಿನ ಥ್ರೆಡ್ಡಿನಿಂದ) ಒಸರುತ್ತಿದ್ದರೆ ಸೀಲಿಂಗ್ ಸಾಲದಾಗಿದೆ. ಮೇಲಿನಿಂದ ಇಳಿದು ಬಂದ ಎಣ್ಣೆಯಾದರೆ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ನೋಡಬೇಕು.

ಗೇಜ್ ಹಚ್ಚಿ ನೋಡುವುದು

ಸ್ವಿಚ್ ಬಿಚ್ಚಿದ ರಂಧ್ರಕ್ಕೆ ಸರಿಹೊಂದುವ ಅಡಾಪ್ಟರಿನೊಂದಿಗೆ ಮೆಕ್ಯಾನಿಕಲ್ ಗೇಜ್ ಜೋಡಿಸಿ, ಎಂಜಿನ್ ಬಿಸಿಯಾದ ಮೇಲೆ ಓದಬೇಕು. ಗೇಜಿನ ಕೊಳವೆ ಸೈಲೆನ್ಸರಿನ ಬಿಸಿ ಭಾಗಕ್ಕೂ ಬೆಲ್ಟಿಗೂ ತಾಗಬಾರದು. ಬಿಸಿ ಎಣ್ಣೆ ಅಲ್ಲಿ ಚಿಮ್ಮಿದರೆ ಬೆಂಕಿ ಹತ್ತುತ್ತದೆ. ಬಿಸಿ ಎಂಜಿನ್ನಿನಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ, ಎಂದರೆ 0.7 ಕೆಜಿ, ಎಂಬುದು ಮೆಕ್ಯಾನಿಕ್‌ಗಳ ಹೆಬ್ಬೆರಳ ಲೆಕ್ಕ. ಅಂತಿಮ ಪ್ರಮಾಣ ನಿಮ್ಮ ಎಂಜಿನ್ನಿನ ಸರ್ವಿಸ್ ಕೈಪಿಡಿಯದ್ದೇ. ಒತ್ತಡ ಸರಿಯಿದ್ದೂ ದೀಪ ಉರಿಯುತ್ತಿದ್ದರೆ ಸ್ವಿಚ್ ತಪ್ಪಿತಸ್ಥನೆಂದು ಧೈರ್ಯವಾಗಿ ಹೇಳಬಹುದು. ಒತ್ತಡವೇ ಇಲ್ಲದಿದ್ದರೆ ಪಾನಾಗಳನ್ನು (ಸ್ಪ್ಯಾನರುಗಳನ್ನು) ಕೆಳಗಿಡಿ: ಜಾಲರಿಯಲ್ಲಿ ಕಟ್ಟಿದ ಕೆಸರು, ಸಿಲುಕಿಕೊಂಡ ರಿಲೀಫ್ ವಾಲ್ವ್ (ಮಿತಿಮೀರಿದ ಒತ್ತಡವನ್ನು ಇಳಿಸುವ ಕವಾಟ), ಸವೆದ ಪಂಪು ಅಥವಾ ಬೇರಿಂಗು, ಇವೆಲ್ಲ ಸಂಪು ಇಳಿಸಿ ನೋಡಬೇಕಾದ ಕೆಲಸಗಳು. ಗೇಜ್ ಸ್ವಂತಕ್ಕೆ ಕೊಳ್ಳಲೇಬೇಕೆಂದಿಲ್ಲ. ಪರಿಚಯದ ಗ್ಯಾರೇಜಿನಲ್ಲಿ ಅರ್ಧ ಗಂಟೆಯ ಕೂಲಿ ಕೊಟ್ಟರೆ ಈ ಓದನ್ನು ತೆಗೆದುಕೊಡುತ್ತಾರೆ, ಈ ಖರ್ಚಿಗೆ ಹಿಂದೆ ನೋಡಬೇಡಿ.

ಸ್ವಿಚ್ ಬದಲಾಯಿಸುವ ಕ್ರಮ

ಬಿಡಿಭಾಗವನ್ನು ಕಂಪನಿಯ ಅಧಿಕೃತ ಅಂಗಡಿಯಿಂದಲೇ ಕೊಳ್ಳುವುದು ಲೇಸು. ಪುಣೆಯ ನಾನಾ ಪೇಟೆಯಲ್ಲೋ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲೋ ಕೊಳ್ಳುವುದಾದರೆ ಹಳೆಯ ಸ್ವಿಚ್ಚನ್ನು ಕೈಯಲ್ಲಿ ಹಿಡಿದು ಹೋಗಿ ಮರೆ ಹೋಲಿಸಿ ನೋಡಿ. ಜಪಾನೀ ಮೂಲದ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಇರುವ 1/8 ಪಿಟಿ ಎಂಬ ಅಳತೆಯ ಮರೆಗೆ ಇಂಚಿಗೆ 28 ಸುತ್ತು. ಎನ್‌ಪಿಟಿ ಎಂಬ ಅಮೆರಿಕನ್ ಅಳತೆಯ ಮರೆಗೆ 27. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಂಡರೂ ಬಲವಂತವಾಗಿ ತಿರುಗಿಸಿದರೆ ಬ್ಲಾಕಿನ ಮರೆ ಹಾಳಾಗಿ, ನೂರರ ಕೆಲಸ ಸಾವಿರಕ್ಕೆ ಏರುತ್ತದೆ.

ತಣ್ಣಗಾದ ಎಂಜಿನ್ನಿನಲ್ಲಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಸ್ವಿಚ್ಚಿನ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆಯಿರಿ. ರಂಧ್ರದೊಳಕ್ಕೆ ಬಿದ್ದ ಮರಳಿನ ಕಣ ನೇರ ಬೇರಿಂಗಿಗೆ ಹೋಗುತ್ತದೆ. ಕೆಳಗೆ ಹಳೆಯ ಬಟ್ಟೆ, ಒಂದು ತಟ್ಟೆ ಇಡಿ. ಎಣ್ಣೆಯನ್ನೆಲ್ಲ ಇಳಿಸುವ ಅಗತ್ಯವಿಲ್ಲ, ಬರುವುದು ಒಂದೆರಡು ಚಮಚ ಮಾತ್ರ. ಪ್ಲಗ್ಗನ್ನು ತಂತಿ ಹಿಡಿದೆಳೆಯದೆ ಕ್ಲಿಪ್ ಒತ್ತಿ ಬಿಡಿಸಿ. ಸ್ವಿಚ್ಚಿನ ಷಟ್ಕೋನಕ್ಕೆ ಹಲವು ಗಾಡಿಗಳಲ್ಲಿ 24 ಮಿ.ಮೀ. ಡೀಪ್ ಸಾಕೆಟ್ ಸರಿಹೊಂದುತ್ತದೆ. ಆದರೂ ಅಳೆದೇ ಕೊಳ್ಳಿ. ಇಕ್ಕಳದಿಂದ ಕಚ್ಚಿ ತಿರುಗಿಸಿದರೆ ಪ್ಲಾಸ್ಟಿಕ್ ತಲೆ ಕಳಚಿ ಬುಡ ಒಳಗೇ ಉಳಿಯುತ್ತದೆ. ಜಗ್ಗದಿದ್ದರೆ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದು ಒಂದು ಗಂಟೆ ಕಾಯಿರಿ. ಬುಡ ತುಂಡಾಗಿ ಒಳಗೇ ಉಳಿದರೆ ಡ್ರಿಲ್ ಕೈಗೆತ್ತಿಕೊಳ್ಳದೆ ಅನುಭವಸ್ಥರನ್ನು ಕರೆಸಿ.

ಹೊಸ ಸ್ವಿಚ್ಚಿನ ಮರೆಯ ಮೇಲೆ ಕಾರ್ಖಾನೆಯಲ್ಲೇ ಬಳಿದ ಸೀಲಂಟ್ ಇದ್ದರೆ ಇನ್ನೇನೂ ಬೇಡ. ಇಲ್ಲದಿದ್ದರೆ ಸೀಲಿಂಗ್ ಟೇಪನ್ನು, ಮರೆ ತಿರುಗುವ ದಿಕ್ಕಿನಲ್ಲೇ, ತುದಿಯ ಒಂದು ಸುತ್ತು ಬಿಟ್ಟು, ಒಂದೂವರೆ ಎರಡು ಸುತ್ತು ಸುತ್ತಿ. ಅತಿಯಾಗಿ ಸುತ್ತಿದರೆ ಟೇಪಿನ ಚೂರು ಎಣ್ಣೆಯ ದಾರಿಗೆ ಸೇರುತ್ತದೆ. ಸ್ವಿಚ್ಚಿಗೆ ಮೈಯಿಂದ ಸಿಗಬೇಕಾದ ಅರ್ಥ್ ಕೂಡ ತಪ್ಪಿ, ಹೊಸ ಸ್ವಿಚ್ಚೂ ಸತ್ತಂತೆ ತೋರಬಹುದು. ಮೊದಲ ಮೂರು ನಾಲ್ಕು ಸುತ್ತುಗಳನ್ನು ಬರಿಗೈಯಿಂದಲೇ ತಿರುಗಿಸಿ, ಅನಂತರ ಸಾಕೆಟ್ ಹಾಕಿ. ಇಂಥ ಸಣ್ಣ ಇಳಿಜಾರು ಮರೆಗೆ 12ರಿಂದ 15 ನ್ಯೂಟನ್ ಮೀಟರ್ ಬಿಗಿ ಸಾಕು; ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಉದ್ದ ಹಿಡಿಯ ಪಾನಾ ಹಾಕಿ ಮೈಬಲ ತೋರಿಸುವ ಜಾಗ ಇದಲ್ಲ.

ಕೂರಿಸಿದ ಮೇಲೆ

ಪ್ಲಗ್, ಬ್ಯಾಟರಿ ಜೋಡಿಸಿ ಕೀಲಿ ಆನ್ ಮಾಡಿದಾಗ ದೀಪ ಹೊತ್ತಬೇಕು, ಎಂಜಿನ್ ಓಡಿದೊಡನೆ ಆರಬೇಕು. ಹತ್ತು ಸೆಕೆಂಡಿನೊಳಗೆ ಆರದಿದ್ದರೆ ಎಂಜಿನ್ ನಿಲ್ಲಿಸಿ. ಹಳೆಯ ಸ್ವಿಚ್ ನಿಜವನ್ನೇ ಹೇಳುತ್ತಿತ್ತು, ಗೇಜ್ ಪರೀಕ್ಷೆ ಬಿಟ್ಟುಬಂದವರು ಅಲ್ಲಿಗೇ ಮರಳಬೇಕು. ಆರಿದರೆ ಐದು ನಿಮಿಷ ಓಡಿಸಿ, ಟಾರ್ಚ್ ಹಿಡಿದು ಬುಡವನ್ನು ನೋಡಿ, ಡಿಪ್‌ಸ್ಟಿಕ್ ಇನ್ನೊಮ್ಮೆ ಪರಿಶೀಲಿಸಿ. ನೂರು ಕಿಲೋಮೀಟರಿನ ನಂತರವೂ ಬುಡ ಒಣಗಿಯೇ ಇರಬೇಕು. ಸಣ್ಣಗೆ ಒಸರಿದರೆ ಇನ್ನಷ್ಟು ಬಿಗಿಯದೆ, ಬಿಚ್ಚಿ ಟೇಪ್ ಹೊಸದಾಗಿ ಸುತ್ತಿ.

ಒರೆಸಿದ ಎಣ್ಣೆಬಟ್ಟೆಯನ್ನೂ ತಟ್ಟೆಯ ಎಣ್ಣೆಯನ್ನೂ ಸೊಸೈಟಿಯ ಗಟಾರಕ್ಕೆ ಎಸೆಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಸೇರಿದೆ. ಮುಚ್ಚಳವಿರುವ ಡಬ್ಬಿಗೆ ತುಂಬಿ, ಬಳಸಿದ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಿ. ನೆಲದ ಮೇಲೆ ಬಿದ್ದ ಹನಿಗೆ ಮರದ ಹೊಟ್ಟು ಉದುರಿಸಿ ಗುಡಿಸಿ ತೆಗೆದರೆ ಕಾರ್ಯದರ್ಶಿಯವರ ನೋಟಿಸೂ ಬರುವುದಿಲ್ಲ.